ಲಸೋಟ ಕೊಟ್ಟರೂ ಟೈಟರ್ ಏರದಿದ್ದರೆ
ನೀವು ಕೋಳಿಗಳಿಗೆ ನಲ್ಲಿ ನೀರಲ್ಲಿ ಲಸೋಟ (ರಾಣಿಖೇತ್ ರೋಗದ ಜೀವಂತ ಲಸಿಕೆ) ಕೊಟ್ಟ ಮೇಲೂ ರಾಣಿಖೇತ್ ಎಚ್‌ಐ ಟೈಟರ್ (ರಕ್ತದಲ್ಲಿ ಆ ರೋಗದ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂಬ ಅಳತೆ) 1:4ರಿಂದ 1:64ರವರೆಗೆ ಚದುರಿದೆ ಅಂದರೆ ಕ್ಲೋರಿನ್‌ನಿಂದ ಜೀವಂತ ಲಸಿಕೆ ಸತ್ತಿರಬಹುದು. ಡ್ರಿಂಕರ್ (ನೀರು ಕುಡಿಸುವ ಪಾತ್ರೆ) ಸಾಲದೆ ಬಡಕಲು ಕೋಳಿಗಳಿಗೆ ಸಿಗದೆ ಹೋಗಿರಲೂಬಹುದು; ಎರಡರಲ್ಲಿ ಯಾವುದೆಂದು ವರದಿಯೊಂದರಿಂದಲೇ ಹೇಳಲಾಗದು.

ಮತ್ತೆ ಕೊಡಿ, ಆದರೆ ಕೆಮ್ಮುವ ಗುಂಪಿಗೆ ಖಂಡಿತ ಬೇಡ. ಹಿಂದಿನ ದಿನವೇ ನೀರಿಗೆ ಹಾಕುವ ಸ್ಯಾನಿಟೈಸರ್ ನಿಲ್ಲಿಸಿ, ಡ್ರಿಂಕರುಗಳನ್ನು ಬರೀ ನೀರಲ್ಲಿ ತೊಳೆಯಿರಿ. ಬೆಳಗ್ಗೆ ಒಂದೂವರೆ ಗಂಟೆ ನೀರು ಕೊಡಬೇಡಿ. ಕ್ಲೋರಿನ್ ಹಾಕದ ತಣ್ಣನೆಯ ಬೋರ್‌ವೆಲ್ ನೀರಿಗೆ ಲೀಟರಿಗೆ 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ 20 ನಿಮಿಷ ಬಿಡಿ. ಆಮೇಲೆ ಲಸಿಕೆ ಬಾಟಲಿಯನ್ನು ನೀರೊಳಗೇ ಮುಳುಗಿಸಿ ರಬ್ಬರ್ ಮುಚ್ಚಳ ತೆಗೆಯಿರಿ. ಎರಡು ಗಂಟೆಯೊಳಗೆ ಖಾಲಿಯಾಗುವಷ್ಟೇ ನೀರಿರಲಿ.

ಮೂರು ವಾರಕ್ಕೆ ಶೆಡ್ಡಿನ ಎಲ್ಲ ಮೂಲೆಗಳಿಂದ 20 ಕೋಳಿಗಳ ರಕ್ತ ತೆಗೆಸಿ. 1:8ಕ್ಕಿಂತ ಕೆಳಗಿನವು ಇನ್ನೂ ಇದ್ದರೆ ಪಶುವೈದ್ಯರ ಹತ್ತಿರ ಕಿಲ್ಡ್ ಲಸಿಕೆಯ (ಸತ್ತ ವೈರಸ್‌ನಿಂದ ಮಾಡಿದ ಲಸಿಕೆ) ಚುಚ್ಚುಮದ್ದು ಕೇಳಿ.