ಪೀಟ್ ನೆಲದಲ್ಲಿ ಮರ ಏಕೆ ಕಡಿಯುತ್ತಾರೆ?

ಪ್ರಶ್ನೆ: ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ಎಂಬ ಜೌಗು ಬಯಲಿನಲ್ಲಿ ಪರಿಸರ ಸಂಸ್ಥೆಗಳೇ ಮುಂದೆ ನಿಂತು ಮರ ಕಡಿಸುತ್ತಿವೆಯಂತೆ. ಮರ ಇಂಗಾಲ ಹಿಡಿದಿಡುತ್ತದಲ್ಲವೇ?
– ಓದುಗರು, ಸಾಗರ

ಉತ್ತರ: ಹಿಡಿದಿಡುತ್ತದೆ, ಆದರೆ ಅಲ್ಲಿ ಅದಕ್ಕಿಂತ ಹೆಚ್ಚು ಇಂಗಾಲ ಮರದ ಕೆಳಗಿನ ಪೀಟ್ ನೆಲದಲ್ಲೇ ಇದೆ. ನೀರು ನಿಂತು ಗಾಳಿಯಾಡದ ಕಡೆ ಸ್ಫ್ಯಾಗ್ನಂ ಪಾಚಿ ಪೂರ್ತಿ ಕೊಳೆಯದೆ, ವರ್ಷಕ್ಕೆ ಸುಮಾರು 1 ಮಿ.ಮೀ.ನಂತೆ ಕೂಡಿಕೊಂಡದ್ದೇ ಪೀಟ್. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಗಾಗಿ ಹೂಡಿಕೆದಾರರು ಅದನ್ನು ಆಳವಾಗಿ ಉಳುಮೆ ಮಾಡಿಸಿ, ಬಸಿಗಾಲುವೆ ತೋಡಿಸಿ, ಸಿಟ್ಕಾ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ಎಂಬ ಸೂಜಿಯೆಲೆಯ ಮರಗಳನ್ನು ನೆಡಿಸಿದರು. 1988ರ ಬಜೆಟ್ಟಿನಲ್ಲಿ ರಿಯಾಯಿತಿ ಹೋಯಿತು, ನೆಡುತೋಪು ಉಳಿಯಿತು. ಕಾಲುವೆ ನೀರು ಬಸಿಯಿತು, ಮರ ಇನ್ನಷ್ಟು ಹೀರಿತು, ನೆರಳಿಗೆ ಪಾಚಿ ಸತ್ತಿತು. ಗಾಳಿ ತಾಗಿದ ಪೀಟ್ ಕೊಳೆತು ಇಂಗಾಲದ ಡೈಆಕ್ಸೈಡ್ ಬಿಡತೊಡಗಿತು. ಬಯಲಲ್ಲಿ ಗೂಡು ಕಟ್ಟುವ ಗೋಲ್ಡನ್ ಪ್ಲೋವರ್, ಡನ್ಲಿನ್ ಹಕ್ಕಿಗಳು ತೋಪಿನಂಚಿನಿಂದ ನೂರಾರು ಮೀಟರ್ ದೂರ ಸರಿದವು.

ಪ್ರಶ್ನೆ: ಕಡಿದುಬಿಟ್ಟರೆ ಜೌಗು ತಾನಾಗಿ ಮರಳುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಉಳುಮೆಯ ಸಾಲುಗಳು ನೀರು ಬಸಿಯುತ್ತಲೇ ಇರುತ್ತವೆ, ದಿಬ್ಬದ ಮೇಲೆ ಸ್ಪ್ರೂಸ್ ಸಸಿ ಮತ್ತೆ ಏಳುತ್ತದೆ. ನೆಲದಲ್ಲಿ ಹೂಳದ, ಅಗಲ ಚೈನಿನ ಹಿಟಾಚಿ ತಂದು ಮೋಟುಗಳನ್ನು ಕಿತ್ತು, ತಲೆಕೆಳಗಾಗಿ ಸಾಲಿನೊಳಕ್ಕೆ ಒತ್ತಿ, ನೆಲ ಮಟ್ಟ ಮಾಡಬೇಕು. ಬಸಿಗಾಲುವೆಗೆ ಅಡ್ಡಲಾಗಿ ಪೀಟ್‌ನದೇ ಒಡ್ಡು ಹಾಕುತ್ತಾರೆ. ಎಡವುವುದು ಹೆಚ್ಚಾಗಿ ಇಲ್ಲೇ: ಮೇಲಿನ ಒಣ ಪೀಟ್ ಬಳಸಿದರೆ ನೀರು ಜಿನುಗಿ ಒಡ್ಡು ಒಡೆಯುತ್ತದೆ. ಕೆಳಗಿನ ಕಪ್ಪು, ಜಿಗುಟು ಪೀಟ್ ತೆಗೆದು ಹಿಟಾಚಿಯ ಬಕೆಟ್ಟಿನಿಂದ ಗಟ್ಟಿಯಾಗಿ ಒತ್ತಬೇಕು. ಒಡ್ಡು ದಂಡೆಗಿಂತ ತುಸು ಎತ್ತರವಿದ್ದು ಎರಡೂ ಬದಿಗೆ ಚಾಚಿಕೊಂಡಿರಲಿ, ಇಲ್ಲವಾದರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ. ಅಂತರವನ್ನು ಇಳಿಜಾರು ನೋಡಿ ಗೊತ್ತುಮಾಡಿ: ಕೆಳಗಿನ ಒಡ್ಡಿನಲ್ಲಿ ನಿಂತ ನೀರು ಮೇಲಿನ ಒಡ್ಡಿನ ಬುಡ ಮುಟ್ಟಬೇಕು. ವರ್ಷದ ಬಹುಕಾಲ ನೀರು ನೆಲಮಟ್ಟದಿಂದ 10 ಸೆಂ.ಮೀ.ಗಿಂತ ಕೆಳಗಿಳಿಯದೆ ಇದ್ದರೆ ಪಾಚಿ ಹಿಡಿಯುತ್ತದೆ.

ರೆಂಬೆ, ಸೂಜಿಯೆಲೆಗಳನ್ನು ಆದಷ್ಟು ಹೊರಗೆ ಸಾಗಿಸಿ. ಅಲ್ಲೇ ಕೊಳೆತರೆ ರಂಜಕ, ಪೊಟ್ಯಾಷ್ ಸಾಲ್ಮನ್ ಮೀನಿನ ಹೊಳೆ ಸೇರುತ್ತವೆ. ಒಂದೇ ಹಳ್ಳದ ಜಲಾನಯನದಲ್ಲಿ ಇಡೀ ತೋಪನ್ನು ಒಟ್ಟಿಗೆ ಕಡಿಯಬಾರದೆನ್ನುವುದೂ ಇದಕ್ಕೇ. ತಾಳ್ಮೆಯೂ ಬೇಕು. ಫ್ಲೋ ಕಂಟ್ರಿಯ ಫಾರ್ಸಿನಾರ್ಡ್‌ನಲ್ಲಿ ಅಳೆದಾಗ, ಮರ ತೆಗೆದು 10 ವರ್ಷವಾದ ಜಾಗ ಇನ್ನೂ ಇಂಗಾಲದ ಡೈಆಕ್ಸೈಡ್ ಬಿಡುತ್ತಿತ್ತು. 16 ವರ್ಷವಾದದ್ದು ಹೀರಿಕೊಳ್ಳುತ್ತಿತ್ತು.

ಪ್ರಶ್ನೆ: ನಮ್ಮ ಕಡೆ ಪೀಟ್ ಇದೆಯೇ?
– ಓದುಗರು, ಗುಂಡ್ಲುಪೇಟೆ

ಉತ್ತರ: ನಿಮಗೆ ಹತ್ತಿರದ ನೀಲಗಿರಿಯಲ್ಲೇ ಇದೆ, ಶೋಲಾ ಹುಲ್ಲುಗಾವಲಿನ ತಗ್ಗುಗಳಲ್ಲಿ. ಆ ಹುಲ್ಲುಗಾವಲನ್ನು ಬಂಜರೆಂದು ತಿಳಿದು ವ್ಯಾಟಲ್ ಎಂಬ ಅಕೇಶಿಯಾ ಜಾತಿಯ ಮರ ನೆಟ್ಟದ್ದು ದೊಡ್ಡ ತಪ್ಪು. ಕಡಿದರೂ ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಎದ್ದ ಸಸಿಗಳನ್ನು ಹೂ ಬಿಡುವ ಮೊದಲೇ, ಪ್ರತಿ ವರ್ಷವೂ, ಬೇರುಸಹಿತ ಕೀಳಬೇಕು.