‘ಅಡುಗೆಮನೆ ಸಾಹಿತ್ಯ’ ಅಂದವರಿಗೆ ಏನು ಹೇಳಲಿ?

ಪ್ರಶ್ನೆ: ನವನಗರದಲ್ಲಿ ನಾವೊಂದಿಷ್ಟು ಮಂದಿ ತಿಂಗಳಿಗೊಮ್ಮೆ ಸೇರಿ ಪುಸ್ತಕಗಳ ಬಗ್ಗೆ ಮಾತಾಡ್ತೀವಿ. ಈ ಸಲ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ತಗೊಳ್ಳೋಣ ಅಂದೆ. ವಿಮರ್ಶೆ ಬರೆಯುವ ಹಿರಿಯರೊಬ್ಬರು ‘ಅದೆಲ್ಲ ಅಡುಗೆಮನೆ ಸಾಹಿತ್ಯ, ಮನ್ಯಾಗ ಓದ್ಕೋರಿ’ ಅಂದುಬಿಟ್ಟರು. ಎಲ್ಲರೂ ನಕ್ಕರು. ಮುಂದಿನ ಸಲ ಏನು ಹೇಳಲಿ ಮೇಡಂ?
– ಶಿಕ್ಷಕಿ, ಬಾಗಲಕೋಟೆ

ಉತ್ತರ: ಆ ಪುಸ್ತಕ ಓದಿದ್ದೀರಾ ಸರ್ ಅಂತ ಮೊದಲು ಕೇಳಿ. ಚಿಕ್ಕಂದಿನಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಜೀವನವಿಡೀ ಮಡಿಯಲ್ಲೇ ಕಳೆದ ಫಣಿಯಮ್ಮ, ದಾಕ್ಷಾಯಿಣಿ ಅನ್ನೋ ಎಳೆಯ ವಿಧವೆ ಕೂದಲು ತೆಗೆಸಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಲ್ಲುತ್ತಾಳೆ. ಇದು ನಡೆಯೋದು ಮನೆಯೊಳಗೇ, ಹೌದು. ಆ ಹೆಣ್ಣುಮಕ್ಕಳನ್ನು ಹಿಂಡಿದ್ದೇ ಮನೆಯೊಳಗೆ. ಇನ್ನೆಲ್ಲಿಯ ಕಥೆ ಬರೀಬೇಕಿತ್ತು? ಅದೇ ಮನೆ, ಅದೇ ವಿಧವೆ ಗಂಡಸರ ಕಾದಂಬರಿಯಲ್ಲಿ ಬಂದರೆ ಸಮಾಜದ ಚಿತ್ರಣ ಅಂತ ಪುಟಗಟ್ಟಲೆ ಹೊಗಳ್ತಾರೆ.

ನನಗೆ ಇನ್ನೂ ಜಾಸ್ತಿ ಸಿಟ್ಟು ಬರೋದು ಓದುಗರನ್ನು ಹೀಗಳೆಯೋದಕ್ಕೆ. ತ್ರಿವೇಣಿಯವರ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದವರು ನಮ್ಮ ತಾಯಂದಿರು, ಚಿಕ್ಕಮ್ಮಂದಿರು. ಹೆಂಗಸರು ಮುಗಿಬಿದ್ದು ಓದಿದರು, ಹಾಗಾದರೆ ಪುಸ್ತಕ ಹಗುರ ಅಂತ ತೀರ್ಮಾನ ಆಗಿಹೋಯ್ತು. ‘ಶರಪಂಜರ’ದ ಕಾವೇರಿ ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬರುತ್ತಾಳೆ, ಆದರೂ ಗಂಡನಿಂದ ಹಿಡಿದು ಎಲ್ಲರೂ ಅವಳನ್ನು ಹುಚ್ಚಿ ಅಂತಲೇ ನೋಡ್ತಾರೆ. ಇದನ್ನು ಬರೆದಾಕೆ 1963ರಲ್ಲಿ ತೀರಿಕೊಂಡಾಗ ನಲವತ್ತೂ ದಾಟಿರಲಿಲ್ಲ. ಇದು ಹಗುರವಾ?

ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡಕ್ಕೆ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ದು 1955ರಲ್ಲಿ. ಮೊದಲ ಸಲ ಲೇಖಕಿಗೆ ಬಂದದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ. ಅಲ್ಲೀತನಕ ಹೆಣ್ಣುಮಕ್ಕಳು ಬರೀತಾನೇ ಇದ್ದರು, ಅಲ್ವಾ? ನಿಮ್ಮೂರಲ್ಲೇ 2000ದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಶಾಂತಾದೇವಿ ಮಾಳವಾಡ ಅಧ್ಯಕ್ಷರು. 1915ರಲ್ಲಿ ಸಮ್ಮೇಳನ ಶುರುವಾದಾಗಿನಿಂದ ಅವರಿಗಿಂತ ಮುಂಚೆ ಆ ಗೌರವ ಸಿಕ್ಕ ಹೆಣ್ಣುಮಗಳು ಜಯದೇವಿತಾಯಿ ಲಿಗಾಡೆ ಒಬ್ಬರೇ.

ಲೇಖಕಿಯರು ಬರೆದದ್ದೆಲ್ಲ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ಕೆಲವು ತೀರಾ ಜಾಳು. ಎಲ್ಲಿ ಜಾಳು ಅಂತ ಪುಟ ತೆಗೆದು ತೋರಿಸಲಿ, ನಾನೂ ಕೂತು ಕೇಳ್ತೀನಿ. ಓದದೆ ಷರಾ ಬರೆಯೋದಕ್ಕೆ ವಿಮರ್ಶೆ ಅನ್ನೋಕಾಗಲ್ಲ.

‘ಫಣಿಯಮ್ಮ’ ಚಿಕ್ಕ ಪುಸ್ತಕ. ಮುಂದಿನ ಸಲ ದಾಕ್ಷಾಯಿಣಿಯ ಭಾಗವನ್ನು ಗಟ್ಟಿಯಾಗಿ ಓದಿಬಿಡಿ, ಆಮೇಲೆ ಆ ಹಿರಿಯರನ್ನೇ ಮಾತಾಡೋಕೆ ಹೇಳಿ. ಶಾಲೆಯ ಒಬ್ಬಿಬ್ಬರು ಗೆಳತಿಯರನ್ನೂ ಕರ್ಕೊಂಡು ಹೋಗಿ. ಒಬ್ಬರನ್ನು ನೋಡಿ ನಗೋದು ಸುಲಭ, ಮೂವರು ಕೂತಿದ್ದರೆ ಅಷ್ಟು ಸುಲಭ ಅಲ್ಲ.