ಕುಡಿತ ಬಿಡಿಸಲು ಅಣ್ಣನನ್ನು ಬಲವಂತವಾಗಿ ಸೆಂಟರ್‌ಗೆ ಸೇರಿಸಬಹುದಾ?

ಸಾಗರದಿಂದ ನೀವು ಕೇಳಿರುವುದು ಇಷ್ಟು: ಅಣ್ಣ ಅಡಿಕೆ ಮಂಡಿಯಲ್ಲಿ ಕೆಲಸ ಮಾಡುತ್ತಾರೆ. ಈಗೀಗ ಬೆಳಗ್ಗೆ ಎದ್ದ ಕೂಡಲೇ ಒಂದು ನೈಂಟಿ ಹಾಕದಿದ್ದರೆ ಕೈ ನಡುಗುತ್ತದೆ. ಒಂದು ಖಾಸಗಿ ಸೆಂಟರ್‌ನವರು "ಗಾಡಿ ಕಳಿಸ್ತೀವಿ, ನಾವೇ ಎತ್ಕೊಂಡು ಹೋಗ್ತೀವಿ, ಮೂರು ತಿಂಗಳು ಮನೆಯವರು ಯಾರೂ ನೋಡೋಕೆ ಬರಬಾರದು" ಅಂದಿದ್ದಾರೆ. ಒಪ್ಪಬಹುದಾ?

ದಯವಿಟ್ಟು ಒಪ್ಪಬೇಡಿ. ನಾನು ಸರ್ಕಾರಿ ಆಸ್ಪತ್ರೆಯೊಂದರ ವ್ಯಸನಮುಕ್ತಿ ವಾರ್ಡಿನಲ್ಲಿ ನರ್ಸ್. ನೀವು ಬರೆದಿರುವುದನ್ನು ನೋಡಿದರೆ ನಿಮ್ಮಣ್ಣನಿಗೆ ಅಡ್ಮಿಷನ್ ಬೇಕಾಗಬಹುದು ಅಂತಲೇ ನನಗೂ ಅನಿಸುತ್ತದೆ. ಆದರೆ ಮೊದಲು ಆಸ್ಪತ್ರೆ, ಬೇಕಾದರೆ ಆಮೇಲೆ ಸೆಂಟರ್. ಇದು ಹಿಂದುಮುಂದಾದರೆ ಜೀವಕ್ಕೇ ಅಪಾಯ.

ಯಾಕೆ ಅಂದರೆ ಬೆಳಗಿನ ಆ ನಡುಕ. ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಮದ್ಯ ಒಮ್ಮೆಲೇ ನಿಂತರೆ ತಡೆಯಲಾಗುವುದಿಲ್ಲ. ಕೊನೆಯ ಸಲ ಕುಡಿದು ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ ಹಿಡಿಯುತ್ತದೆ, ಜ್ವರ ಬರುತ್ತದೆ, ಎದೆಬಡಿತ ಏರುತ್ತದೆ. ಡಾಕ್ಟರ್ ಇಲ್ಲದ ಕಡೆ ಇದರಿಂದ ಪ್ರಾಣ ಹೋಗಬಹುದು.

ನೈಟ್ ಡ್ಯೂಟಿಯಲ್ಲಿ ನಾವು ಪ್ರತಿ ರೌಂಡಿಗೂ "ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ" ಅನ್ನುತ್ತೇವೆ. ನಡುಕ ಎಷ್ಟಿದೆ, ಅಂಗೈ ಒದ್ದೆಯಾಗಿದೆಯಾ ನೋಡುತ್ತೇವೆ. ನಾಡಿ, ಬಿಪಿ ಬರೆದುಕೊಳ್ಳುತ್ತೇವೆ. "ಇವತ್ತು ಯಾವ ವಾರ? ಇದು ಯಾವ ಜಾಗ?" ಅಂತ ಕೇಳುತ್ತೇವೆ. ಸಂಜೆ ಸರಿಯಾಗಿ ಉತ್ತರ ಕೊಟ್ಟವರೇ ನಡುರಾತ್ರಿ ಹೊದಿಕೆಯ ಮೇಲಿಂದ ಇಲ್ಲದ ಇರುವೆ ಹೆಕ್ಕುತ್ತಾ ಕೂತಿರುತ್ತಾರೆ. ಡ್ರೈವರ್ ಆಗಿದ್ದವರು ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸುತ್ತಿರುತ್ತಾರೆ. ಆಗ ಮಾತ್ರೆಯ ಪ್ರಮಾಣ ಬದಲಾಗಬೇಕು, ಆ ಹೊತ್ತಿಗೆ ಡಾಕ್ಟರ್ ಬೇಕು. ಈ ದಿನಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಥರದ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಅದು ತೀರಾ ಕಡಿಮೆಯಾದರೆ ಮಿದುಳಿಗೇ ಪೆಟ್ಟು. ಬೀಗ ಹಾಕಿದ ಕೋಣೆಯಲ್ಲಿ ಭಜನೆ, ಯೋಗ, ಬೈಗುಳ ಇವುಗಳಲ್ಲಿ ಯಾವುದೂ ಈ ಕೆಲಸ ಮಾಡುವುದಿಲ್ಲ.

ಇನ್ನು ಗಾಡಿಯ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ಗೆ ಸಂಬಂಧಪಟ್ಟ ಮಾನಸಿಕ ಸಮಸ್ಯೆಗಳೂ ಬರುತ್ತವೆ. ರೋಗಿ ಒಪ್ಪದಿದ್ದಾಗ ಸೇರಿಸಲು ದಾರಿ ಇದೆ, 89ನೇ ಸೆಕ್ಷನ್. ಆದರೆ ಅದಕ್ಕೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರು. ತನಗೋ ಬೇರೆಯವರಿಗೋ ಅಪಾಯ ಮಾಡುವ, ಇಲ್ಲವೇ ತನ್ನನ್ನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಮೊದಲ ಅವಧಿ ಹೆಚ್ಚೆಂದರೆ 30 ದಿನ. ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ನೇರವಾಗಿ ನಿಷೇಧಿಸಿದೆ. ನಾಲ್ಕು ಜನ ಬಂದು ಕೈಕಾಲು ಹಿಡಿದು ಎತ್ತಿಕೊಂಡು ಹೋಗುವುದಕ್ಕೆ ಇದರಲ್ಲಿ ಜಾಗವೇ ಇಲ್ಲ. ಹಾಗೆ ಹೋಗಿ ಬಂದವರು ನಮ್ಮಲ್ಲಿಗೆ ಬಂದಾಗ ಮೊದಲ ವಾರ ಮನೆಯವರ ಮುಖವನ್ನೇ ನೋಡುವುದಿಲ್ಲ. "ನನ್ನ ಹೆಂಡತೀನೇ ಹಿಡ್ಕೊಟ್ಟಳು" ಅನ್ನೋ ಸಿಟ್ಟು ಕುಡಿತಕ್ಕಿಂತ ಆಳಕ್ಕೆ ಇಳಿದಿರುತ್ತದೆ. ನನಗೆ ಇದು ತುಂಬಾ ಸಂಕಟ ಕೊಡುವ ವಿಷಯ, ಏಕೆಂದರೆ ಮುಂದೆ ಅವರಿಗೆ ಆಸರೆಯಾಗಬೇಕಾದವರು ಆ ಮನೆಯವರೇ.

ಅಣ್ಣ ಒಪ್ಪುವುದಿಲ್ಲ ಅಂತ ಬರೆದಿದ್ದೀರಿ. ಕುಡಿದಾಗ ಕೇಳಬೇಡಿ. ಬೆಳಗ್ಗೆ, ನಡುಕ ಇರುವಾಗ, ಅವರು ನಂಬುವ ಒಬ್ಬರಿಂದ ಮಾತಾಡಿಸಿ. "ಕುಡಿತ ಬಿಡು" ಅನ್ನುವ ಬದಲು "ಈ ನಡುಕಕ್ಕೆ, ನಿದ್ದೆಗೆ ಒಂದ್ಸಲ ತೋರಿಸೋಣ" ಅಂದರೆ ಬರುವವರು ಜಾಸ್ತಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಅವರು ಬರದಿದ್ದರೂ ನೀವು ಫೋನ್ ಮಾಡಬಹುದು: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಾರಿನಲ್ಲಿ ಗೊತ್ತಾಗದಂತೆ ಬೆರೆಸುವ "ಕುಡಿತ ಬಿಡಿಸುವ ಪುಡಿ" ತರಬೇಡಿ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಸಾವೂ ಬರಬಹುದು. ಆ ಔಷಧಿಯನ್ನು ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕೊಡಬೇಕು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರದ ಬಗ್ಗೆಯೂ ಕೇಳಿದ್ದೀರಿ. ಎಂಟು ದಿನದ ಆ ಶಿಬಿರಗಳ ಮೇಲೆ ನನಗೆ ಗೌರವ ಇದೆ. ಊರಿನವರೇ ಜೊತೆ ನಿಲ್ಲುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿಯಲ್ಲಿ ಬಿಟ್ಟವರು ಬಿಟ್ಟವರನ್ನು ಕೈಹಿಡಿದು ನಡೆಸುತ್ತಾರೆ. ಆದರೆ ನಿಮ್ಮಣ್ಣನಷ್ಟು ನಡುಕ ಇರುವವರು ಮೊದಲು ಡಾಕ್ಟರಿಗೆ ತೋರಿಸಿಯೇ ಹೋಗಬೇಕು.

ಆಸ್ಪತ್ರೆಯ ಹಂತ ದಾಟಿದ ಮೇಲೆ ಕೆಲವರಿಗೆ ಇನ್ನಷ್ಟು ದಿನ ಸೆಂಟರ್‌ನಲ್ಲಿ ಇರುವುದು ಒಳ್ಳೆಯದೇ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಉಚಿತ ಪುನರ್ವಸತಿ ಕೇಂದ್ರಗಳೂ ಇವೆ, 14446ರಲ್ಲಿ ವಿಚಾರಿಸಿ. ಎಲ್ಲೇ ಆಗಲಿ ಸೇರಿಸುವ ಮುಂಚೆ ಹೋಗಿ ನೋಡಿ. ನೋಂದಣಿ ಪತ್ರ ಕೇಳಿ. ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಅಂತ ಕೇಳಿ. ಒಳಗಿರುವವರೊಬ್ಬರ ಜೊತೆ ಐದು ನಿಮಿಷ ಮಾತಾಡಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. "ನೂರಕ್ಕೆ ನೂರು ಗ್ಯಾರಂಟಿ" ಅಂದರೂ ಅಷ್ಟೇ. ಬಿಟ್ಟವರು ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅದನ್ನು ಒಪ್ಪಿಕೊಂಡು, ಆಗೇನು ಮಾಡಬೇಕು ಅಂತ ಹೇಳಿಕೊಡುವ ಜಾಗ ಬೇಕು ನಿಮಗೆ.

ಮನೆಗೆ ಬಂದ ಮೇಲೆ ಸಂಜೆ ಆರೂವರೆ, ಏಳು ಗಂಟೆ ಕಷ್ಟದ ಹೊತ್ತು. ಮಂಡಿ ಮುಚ್ಚುವ ಸಮಯ, ಕೈಯಲ್ಲಿ ದುಡ್ಡು, ಜೊತೆಯವರ ಕರೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇನ್ನೂ ಕಷ್ಟ. ಡಿಸ್ಚಾರ್ಜ್‌ಗೆ ಮುಂಚೆಯೇ ಅಣ್ಣನ ಜೊತೆ ಕೂತು ಮಾತಾಡಿ: ಸಂಬಳ ಯಾರ ಅಕೌಂಟಿಗೆ, ಸಂಜೆ ಯಾರ ಜೊತೆ ಮನೆಗೆ. ಆಸೆ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಥರದ ಮಾತ್ರೆಗಳಿವೆ. ಯಾವುದು ಸರಿ ಅಂತ ಲಿವರ್, ಕಿಡ್ನಿ ಟೆಸ್ಟ್ ನೋಡಿ ಡಾಕ್ಟರ್ ಹೇಳುತ್ತಾರೆ. ಅತ್ತಿಗೆಯನ್ನೂ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಿ. ಅವರು ಎಷ್ಟು ವರ್ಷದಿಂದ ನಿದ್ದೆಗೆಟ್ಟಿದ್ದಾರೋ, ಅವರನ್ನೂ ಯಾರಾದರೂ ಕೇಳಬೇಕಲ್ವಾ.

ಆಸ್ಪತ್ರೆಗೆ ಹೋಗುವ ತನಕ ಬಾಟಲಿ ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಎಷ್ಟು ಹೊತ್ತಿಗೆ ಕುಡಿದರು, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಏನು ಮಾತ್ರೆ ತಗೊಳ್ಳುತ್ತಾರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಸ್ಸಿನಲ್ಲಿ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ದಾರಿಯಲ್ಲೇ ಫಿಟ್ಸ್ ಬಂದರೆ, ಅಥವಾ ಮಾತು ಗೊಂದಲವಾಗಿ ಇಲ್ಲದ್ದು ಕಾಣತೊಡಗಿದರೆ, ಶಿವಮೊಗ್ಗದ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಆ ಚೀಟಿಯನ್ನು ಅಲ್ಲಿನ ಡಾಕ್ಟರ್ ಕೈಗೆ ಕೊಡಿ.